ಹೊಸ ಹೆಪ್ಪು ಮತ್ತು ಜಿನ್ನವ್ವನ ಉಪವಾಸ

ಗಾಜಿನ ಹೊಟ್ಟೆಗೆ ಊಟ ನಿಲ್ಲಿಸಿದವಳು ತ್ರಿಶಲಾ ಚೌಗಲಾ. ಅದಕ್ಕಾಗಿ ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಕೇಳಿದ್ದರೆ ಸಿಗುತ್ತಲೂ ಇರಲಿಲ್ಲ.

ಬೆಳಗಾವಿಯ ಹೊರಗಿನ ಆ ಆಹಾರ ಸಂಶೋಧನಾಲಯದಲ್ಲಿ ಗಾಜಿನ ಹೊಟ್ಟೆ ಎಂದರೆ ಕೊಳವೆಗಳಿಂದ ಜೋಡಿಸಿದ ಜಾಡಿಗಳ ಒಂದು ಸಾಲು. ಜಾಡಿಗಳನ್ನು ಮೈಯ ಬಿಸುಪಿನಲ್ಲೇ ಇಡಬೇಕು, ಒಳಗೆ ಗಾಳಿ ಸುಳಿಯಬಾರದು. ಮನುಷ್ಯನ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳೇ ಅಲ್ಲೂ ವಾಸವಾಗಿದ್ದವು. ಹೊತ್ತು ಹೊತ್ತಿಗೆ ರೊಟ್ಟಿ, ಪಲ್ಯ, ಬೇಳೆ ಅರೆದು ಮೇಲಿನಿಂದ ಸುರಿಯುವುದು, ಕೆಳಗಿನಿಂದ ಬಂದದ್ದನ್ನು ಹಿಡಿದು ಪರೀಕ್ಷಿಸುವುದು ಅಲ್ಲಿನವರ ನಿತ್ಯದ ಕೆಲಸ. ವಾಸನೆಯ ವಿಷಯ ಬೇಡ.

ಆ ಜಾಡಿಗಳಲ್ಲೇ ಹುಟ್ಟಿದ್ದು 'ಪೂರ್ಣಾನ್ನ'. ಸರ್ಕಾರದ ಕಾಗದಗಳಲ್ಲಿ ಆ ಹೆಸರು. ಜನ ಕರೆಯುತ್ತಿದ್ದುದು 'ಹೊಸ ಹೆಪ್ಪು' ಎಂದು.

ಜೋಳದ ಹಿಟ್ಟು ನಮಗೆ ಅರಗುತ್ತದೆ, ಜೋಳದ ತೌಡು ಅರಗುವುದಿಲ್ಲ. ತೌಡು, ಸಿಪ್ಪೆ, ದಂಟು ಇವೂ ಸಕ್ಕರೆಯಿಂದಲೇ ಆದವು. ಆದರೆ ಅವುಗಳಲ್ಲಿ ಸಕ್ಕರೆಯ ಅಣುಗಳು ಉದ್ದುದ್ದ ಸರಪಳಿಗಳಾಗಿ ಹೆಣೆದುಕೊಂಡಿರುತ್ತವೆ. ಆ ಕೊಂಡಿಗಳನ್ನು ಕತ್ತರಿಸುವ ಕಿಣ್ವಗಳು ನಮ್ಮ ದೇಹದಲ್ಲಿಲ್ಲ. ಅವಿರುವುದು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಹತ್ತಿರ. ಅವು ಸರಪಳಿ ಕಡಿದು ತಾವು ತಿಂದು, ಮಿಕ್ಕ ಆಮ್ಲಗಳನ್ನು ನಮಗೆ ಬಿಡುತ್ತವೆ. ಅಷ್ಟಿಷ್ಟು ಶಕ್ತಿ ನಮಗೂ ದಕ್ಕುತ್ತದೆ. ಎಲ್ಲ ಬಗೆಯ ಕೊಂಡಿಗಳನ್ನೂ ಕತ್ತರಿಸಬಲ್ಲ ಒಂದು ತಳಿಯನ್ನು ರೂಪಿಸಿ ಹೊಟ್ಟೆಯೊಳಗೆ ನೆಲೆಗೊಳಿಸಿದರೆ ಏನಾದೀತು ಎಂಬ ಪ್ರಶ್ನೆಗೆ ಉತ್ತರವೇ ಹೊಸ ಹೆಪ್ಪು. ಗೋಧಿಗೂ ಭತ್ತಕ್ಕೂ ಒಟ್ಟಿಗೇ ರೋಗ ಬಿದ್ದ ವರ್ಷಗಳವು. ಒಂದು ಲೋಟ ಮಜ್ಜಿಗೆಯಲ್ಲಿ ಕದಡಿ ಕುಡಿದರೆ ಸಾಕಿತ್ತು. ಅರ್ಧಕ್ಕರ್ಧ ತೌಡು ಬೆರೆಸಿದ ರೊಟ್ಟಿಯಲ್ಲೇ ಹೊಟ್ಟೆ ತುಂಬುತ್ತಿತ್ತು. ಶಾಲೆಯ ಮಕ್ಕಳ ಕೆನ್ನೆಗಳು ತುಂಬಿಕೊಂಡವು. ಅದು ಸುಳ್ಳಲ್ಲ. ತ್ರಿಶಲಾ ಆ ಕೆಲಸದಲ್ಲಿ ಆರು ವರ್ಷ ಸವೆಸಿದ್ದಳು, ಹೆಮ್ಮೆಯೂ ಇತ್ತು.

ತಲೆನೋವು ಆಮೇಲೆ ಶುರುವಾಯಿತು. ಹೆಪ್ಪಿನ ಬಗ್ಗೆ ಜನರ ಅನುಮಾನ ಪರಿಹರಿಸಲು ಒಂದು ಫೋನು ಇಟ್ಟು, ಅದನ್ನು ತ್ರಿಶಲಾಳ ಮೇಜಿನ ಮೇಲೆಯೇ ಕೂರಿಸಿದ್ದರು. ನಿಪ್ಪಾಣಿಯ ಒಬ್ಬ ರಟ್ಟಿನ ಡಬ್ಬಿ ತಿನ್ನಬಹುದೇ ಎಂದು ಕೇಳಿದ. ಬೇಡ ಎಂದದ್ದಕ್ಕೆ, "ಅದೂ ನಾರಲ್ಲೇನ್ರಿ?" ಎಂದು ವಾದಕ್ಕೆ ನಿಂತ. ಗೋಕಾಕದ ಹೆಣ್ಣುಮಗಳೊಬ್ಬಳು, ಗಂಡ ಮೊದಲಿನಷ್ಟೇ ಉಣ್ಣುತ್ತಾನೆ, ಈಗ ಬಾಗಿಲಲ್ಲಿ ಹಿಡಿಸುವುದಿಲ್ಲ, ಇದಕ್ಕೆ ಯಾರು ಹೊಣೆ ಎಂದು ಅರ್ಧ ಗಂಟೆ ಬೈದಳು. ತ್ರಿಶಲಾ ಎಲ್ಲರಿಗೂ ಸಮಾಧಾನ ಹೇಳುವಳು, ಫೋನಿಟ್ಟ ಮೇಲೆ ಹಲ್ಲು ಕಡಿಯುವಳು.

ಭಾದ್ರಪದ ಹತ್ತಿರ ಬಂದಾಗ ಅವಳಿಗೆ ಇದ್ದಕ್ಕಿದ್ದಂತೆ ಒಂದು ಸಂಶಯ ಹೊಕ್ಕಿತು. ಅವಳ ಅತ್ತೆ ಜಿನ್ನವ್ವ ವರ್ಷವರ್ಷವೂ ಜೈನರ ದಶಲಕ್ಷಣ ಪರ್ವದ ಹತ್ತು ದಿನ ಉಪವಾಸ ಹಿಡಿಯುವವಳು. ದಿನಕ್ಕೊಮ್ಮೆ ಕಾಸಿ ಆರಿಸಿದ ನೀರು, ಅಷ್ಟೇ. ಹೆಪ್ಪಿನ ಪರೀಕ್ಷೆಗೆ ಬಂದ ಸಾವಿರಾರು ಜನ ದಿನವೂ ಉಂಡವರು. ಉಣ್ಣದೆ ಇದ್ದರೆ ಈ ತಳಿ ಏನು ತಿನ್ನುತ್ತದೆ?

ಆ ಕಾರಣಕ್ಕೆ ಅವಳು ಒಂದು ಸಾಲು ಜಾಡಿಗಳಿಗೆ ಊಟ ನಿಲ್ಲಿಸಿ, ಒಳಗಿನ ಜಾಲರಿಗೆ ಕರುಳಿನ ಲೋಳೆಯನ್ನು ಬಳಿದಿಟ್ಟಳು. ನಮ್ಮ ಕರುಳಿನ ಒಳಗೋಡೆಯನ್ನು ಆ ಲೋಳೆಯೇ ಕಾಯುವುದು. ಅದರಲ್ಲೂ ಸಕ್ಕರೆಯ ಸರಪಳಿಗಳಿವೆ.

ಮೂರನೆಯ ದಿನ ಬೆಳಿಗ್ಗೆ ಜಾಲರಿಯನ್ನು ಹೊರತೆಗೆದವಳು ಸಹೋದ್ಯೋಗಿ ಶಕೀಲಾ ಮುಲ್ಲಾ. ಬೆಳಕಿಗೆ ಹಿಡಿದು ನೋಡಿ, ತ್ರಿಶಲಾಳ ಕೈಗೆ ಕೊಟ್ಟಳು. ಲೋಳೆ ಇದ್ದ ಜಾಗದಲ್ಲಿ ಬರಿಯ ತಂತಿ ಹೊಳೆಯುತ್ತಿತ್ತು.

"ಹಳೇ ಬ್ಯಾಕ್ಟೀರಿಯಾಗಳೂ ಒಂದೀಟು ತಿಂತಾವ," ಎಂದಳು ಶಕೀಲಾ. "ಇದು ಬಳದು ತಿಂದೈತಿ."

"ನಿಮ್ಮ ಮನ್ಯಾಗ ರಂಜಾನದಾಗ ರೋಜಾ ಹಿಡದವರಿಗೆ ಏನಾರ ಆತೇನು?"

"ಇಲ್ಲಲ್ಲ. ಅಬ್ಬಾಗೂ ಏನೂ ಆಗಿಲ್ಲ. ನಸುಕಿನ್ಯಾಗ ಸಹರಿ ಹೊತ್ತಿಗೆ ತಿಂದ ತೌಡಿನ ರೊಟ್ಟಿ ಸಂಜೀತನಾ ಅವಕ್ಕ ಸಾಲತೈತಿ. ದಿನಗಟ್ಟಲೆ ಬಿಟ್ರ ಅಷ್ಟ ತ್ರಾಸು."

ಜಾಲರಿಯನ್ನು ಹಿಡಿದು ತ್ರಿಶಲಾ ನಿರ್ದೇಶಕ ಡಾಕ್ಟರ್ ಇನಾಮದಾರರ ಕೋಣೆಗೆ ಹೋದಳು. ಅವರು ಕೆಟ್ಟ ಮನುಷ್ಯರಲ್ಲ. ಕನ್ನಡಕ ಹಣೆಗೇರಿಸಿ ಜಾಲರಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನೋಡ್ರಿ ತ್ರಿಶಲಾ, ಗಾಜಿಗೆ ಹೊಟ್ಟಿನೋವು ಬರೂದಿಲ್ಲ. ಮನುಷ್ಯಾನ ಕರುಳು ಹೊಸಾ ಲೋಳಿ ಮಾಡಿಕೋತ ಇರತೈತಿ. ಇದರ ಮ್ಯಾಲ ನಾ ಏನಂತ ಬರೀಲಿ?"

"ಉಪವಾಸ ಮಾಡಬ್ಯಾಡ್ರಿ ಅಂತ ಹೇಳ್ರಿ ಸರ್."

"ಈ ದೇಶದಾಗ?"

ಇನಾಮದಾರರು ಜಾಲರಿಯನ್ನು ಅವಳ ಕೈಗೆ ವಾಪಸು ಕೊಟ್ಟರು.

"ಹ್ವಾದ ತಿಂಗಳ ಇನ್ನೂ ಮೂರು ರಾಜ್ಯಕ್ಕ ಹೆಪ್ಪು ಕಳಿಸೀವಿ. ಒಬ್ಬರಿಗಾದ್ರೂ ತ್ರಾಸ ಆಗೇತೇನು? ಆದವರನ್ನ ತೋರಸ್ರಿ, ನೋಡೂಣು."

ತೋರಿಸಲು ಯಾರಿಗಾದರೂ ಮೊದಲು ರಕ್ತ ಬರಬೇಕು, ಅಷ್ಟೇ ತಾನೇ ಎಂದು ಮನಸ್ಸಿನಲ್ಲೇ ಅಂದುಕೊಂಡು ತ್ರಿಶಲಾ ಬಾಗಿಲನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಂಡಳು.

ಮನೆಯಲ್ಲಿ ಇದಕ್ಕಿಂತ ಕಷ್ಟ. ಸೂರ್ಯ ಮುಳುಗುವ ಮೊದಲೇ ಊಟ ಮುಗಿಯಬೇಕಾದ ಮನೆ ಅದು. ಬಸ್ಸು ಹಿಡಿದು ಓಡಿ ಬಂದ ತ್ರಿಶಲಾ ಕೈಕಾಲು ತೊಳೆದು ತಾಟಿನ ಮುಂದೆ ಕುಳಿತಳು. ಎದುರಿಗೆ ಗಂಡ ಭರತೇಶ, ಹೈಸ್ಕೂಲಿನ ಗಣಿತದ ಮಾಸ್ತರ. ಜಿನ್ನವ್ವ ರೊಟ್ಟಿ ಬಡಿಸುತ್ತಿದ್ದಳು.

"ಅತ್ತಿ, ಈ ವರ್ಷ ಉಪವಾಸ ಬ್ಯಾಡ್ರಿ," ಎಂದು ಶುರುಮಾಡಿ ತ್ರಿಶಲಾ ಎಲ್ಲವನ್ನೂ ಹೇಳಿದಳು. ಲೋಳೆ, ಸರಪಳಿ, ಬರಿದಾದ ಜಾಲರಿ.

ಜಿನ್ನವ್ವ ಪೂರ್ತಿ ಕೇಳಿದಳು. "ಹ್ವಾದ ದೀಪಾವಳಿಗೆ ನನಗ ಹೆಪ್ಪು ಕುಡಿಸಿದಾಕಿ ನೀನ. ಮಸರಿನ ಹೆಪ್ಪಿದ್ದಂಗ ಅಂದಿ."

"ಅಂದಿದ್ದೆ. ಈಗ ಹಿಂಗ ಆಗೇತಿ. ಒಂದು ಗುಳಿಗಿ ಐತಿ ನಮ್ಮಲ್ಲಿ. ಅದನ್ನ ತಗೊಂಡ್ರ ಆ ತಳಿ ಅಷ್ಟ ಸಾಯತೈತಿ, ಬ್ಯಾರೇದಕ್ಕ ಏನೂ ಆಗೂದಿಲ್ಲ. ಆಮ್ಯಾಲೆ ಉಪವಾಸ ಮಾಡ್ರಿ, ನಾ ಬ್ಯಾಡ ಅನ್ನೂದಿಲ್ಲ."

"ಎಷ್ಟು ಸಾಯತಾವು?"

"ಲೆಕ್ಕಾ ಯಾರ ಮಾಡ್ಯಾರ ಅತ್ತಿ? ಲಕ್ಷ ಕೋಟಿ ಅನ್ರಿ."

"ನಾ ಉಪವಾಸ ಮಾಡೂ ಸಲುವಾಗಿ ಲಕ್ಷ ಕೋಟಿ ಜೀವಾ ಕೊಲ್ಲಲೇನು?"

"ಅವು ಕಣ್ಣಿಗೆ ಕಾಣೂದಿಲ್ಲ."

"ಕಾಣದಿದ್ರ ಜೀವಾ ಅಲ್ಲೇನು? ನಿನಗ ದುರ್ಬೀನಿನ್ಯಾಗ ಕಾಣತಾವಲ್ಲ."

"ದಿನಾ ಮುಂಜಾನೆ ಕೋಟಿಗಟ್ಟಲೆ ಹೊರಗ ಹೋಗತಾವ. ಅದಕ್ಕೇನಂತೀರಿ?"

"ತಾವಾಗಿ ಹ್ವಾದ್ರ ಹೋಗ್ಲಿ. ಗೊತ್ತಿದ್ದು ಕೊಲ್ಲೂದು ಬ್ಯಾರೆ."

ತ್ರಿಶಲಾ ಗಂಡನ ಕಡೆ ತಿರುಗಿದಳು. ಭರತೇಶ ರೊಟ್ಟಿ ಮುರಿಯುತ್ತ ಯೋಚಿಸಿ, "ಅವ್ವ ಅನ್ನೂದೂ ಖರೆ ಐತಿ. ನೀ ಅನ್ನೂದೂ ಖರೆ ಐತಿ," ಎಂದ. ಮದುವೆಯಾದ ಲಾಗಾಯಿತು ಅವನು ಕೊಟ್ಟ ತೀರ್ಪುಗಳೆಲ್ಲ ಇದೇ. ತ್ರಿಶಲಾ ತಾಟು ಸರಿಸಿ ಎದ್ದಳು.

ಪರ್ವದ ಮೊದಲ ದಿನ ಜಿನ್ನವ್ವ ಬಸದಿಗೆ ಹೋಗಿ ಉಪವಾಸದ ನಿಯಮ ತೆಗೆದುಕೊಂಡು ಬಂದಳು.

ಮೊದಲ ಎರಡು ದಿನ ಎಂದಿನಂತೆಯೇ ಇದ್ದಳು. ತ್ರಿಶಲಾ ಕೆಲಸದಿಂದ ಬಂದವಳೇ ಅತ್ತೆಯ ಮುಖ ನೋಡುವಳು, ಹೊಟ್ಟೆ ನೋಯುತ್ತದೆಯೇ ಎಂದು ಕೇಳುವಳು. "ನಿನ್ನ ಮಾರಿ ನೋಡಿದ್ರ ನೋಯತೈತಿ," ಎನ್ನುವಳು ಜಿನ್ನವ್ವ. ನಾಲ್ಕನೆಯ ದಿನ ಬಸದಿಯಿಂದ ರಿಕ್ಷಾದಲ್ಲಿ ಬಂದಳು. ಎಂದೂ ಹಾಗೆ ಬಂದವಳಲ್ಲ. ಮರುದಿನ ಪಾಯಖಾನೆಯಿಂದ ಹೊರಬಂದು ಗೋಡೆ ಹಿಡಿದು ಕುಳಿತುಬಿಟ್ಟಳು. ತ್ರಿಶಲಾ ಒಳಗೆ ಹೋಗಿ ನೋಡಿದಳು. ರಕ್ತ ಸ್ವಲ್ಪವಲ್ಲ.

ದವಾಖಾನೆಯ ತರುಣ ಡಾಕ್ಟರು ಆಮ್ಲಪಿತ್ತ ಎಂದ. ತ್ರಿಶಲಾ ಹೊಸ ಹೆಪ್ಪಿನ ವಿಷಯ ಹೇಳಿದಳು. ಅವನು ಗೋಡೆಗೆ ಅಂಟಿಸಿದ್ದ ಹೆಪ್ಪಿನ ಸೂಚನೆಗಳ ಹಾಳೆಯನ್ನು ಬೆರಳಿನಿಂದ ಓದುತ್ತ ಹೋಗಿ, "ಇದರಾಗ ಹಂಗ ಎಲ್ಲೂ ಬರದಿಲ್ಲ ಮೇಡಂ," ಎಂದ.

"ಆ ಹಾಳಿ ಬರದಾಕಿ ನಾನ," ಎಂದಳು ತ್ರಿಶಲಾ.

ಅವನು ಹಾಳೆಯನ್ನೂ ಅವಳನ್ನೂ ನೋಡಿ, ಸಲಾಯಿನ್ ಹಚ್ಚಲು ನರ್ಸನ್ನು ಕರೆದ. ಜಿನ್ನವ್ವ ಕೈ ಹಿಂದೆಳೆದುಕೊಂಡಳು. ಉಪವಾಸದಲ್ಲಿ ಸೂಜಿಯಿಂದಲೂ ಏನೂ ಒಳಗೆ ಹೋಗಕೂಡದು. ಭರತೇಶ ತಾಯಿಯ ಕಾಲ ಬಳಿ ಕುಳಿತು ಅತ್ತ. ಅವಳು ಅವನ ತಲೆ ಸವರಿ, ಮನೆಗೆ ಕರೆದುಕೊಂಡು ಹೋಗು ಎಂದಳು.

ತ್ರಿಶಲಾ ಆ ಕ್ಷಣವೇ ಸಂಶೋಧನಾಲಯಕ್ಕೆ ಓಡಿದಳು. ಜೋಳದ ದಂಟಿನಿಂದ ಸಕ್ಕರೆಯ ಸರಪಳಿಯನ್ನಷ್ಟೇ ಬೇರ್ಪಡಿಸಿದ ಬಿಳಿ ಪುಡಿ ಅಲ್ಲಿ ಡಬ್ಬಿಗಟ್ಟಲೆ ಇತ್ತು, ಜಾಡಿಗಳಿಗೆ ಹಾಕುವುದಕ್ಕೆಂದು. ಶಕೀಲಾ ಒಂದು ಡಬ್ಬಿಯನ್ನು ಚೀಲಕ್ಕೆ ತುಂಬಿ, ತನ್ನ ಸ್ಕೂಟರಿನಲ್ಲೇ ಅವಳನ್ನು ಮನೆಗೆ ಮುಟ್ಟಿಸಿದಳು.

ಕಾಸಿ ಆರಿಸಿದ ನೀರಿನಲ್ಲಿ ಪುಡಿ ಕದಡಿ ಅತ್ತೆಯ ಮುಂದೆ ಹಿಡಿದು, "ಇದು ಊಟ ಅಲ್ರಿ ಅತ್ತಿ. ರುಚಿ ಇಲ್ಲ, ನಿಮ್ಮ ಮೈಗೆ ಅರಗೂದಿಲ್ಲ. ಅವಕ್ಕಷ್ಟ," ಎಂದಳು ತ್ರಿಶಲಾ.

ಜಿನ್ನವ್ವ ಮಲಗಿದ್ದಲ್ಲಿಂದಲೇ ಲೋಟ ನೋಡಿದಳು. ದನಿ ಸಣ್ಣಗಾಗಿತ್ತು, ಆದರೆ ಬುದ್ಧಿ ಮಸುಕಾಗಿರಲಿಲ್ಲ.

"ಅವು ತಿಂದು ಮಿಕ್ಕಿದ್ದು ನಮಗ ಕೊಡತಾವ, ಅದರಿಂದ ಶಕ್ತಿ ಬರತೈತಿ ಅಂತ ಊರಿಗೆಲ್ಲಾ ಹೇಳಿದಾಕಿ ಯಾರು?"

"ನಾನ."

"ಮತ್ತ ಇದು ಊಟ ಅಲ್ದ ಏನು?"

ಬಸ್‌ಸ್ಟ್ಯಾಂಡುಗಳಲ್ಲಿ, ಶಾಲೆಗಳಲ್ಲಿ, ಸಂತೆಗಳಲ್ಲಿ ನಿಂತು ತಾನು ಹೇಳಿದ್ದೆಲ್ಲ ಈಗ ತನ್ನ ಮೇಲೆಯೇ ಬಂದು ಕುಳಿತದ್ದು ಕಂಡು ತ್ರಿಶಲಾಳಿಗೆ ತಡೆದುಕೊಳ್ಳಲಾಗಲಿಲ್ಲ. ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಕುಕ್ಕಿದಳು.

"ಆಯ್ತು, ಊಟಾನ. ನಿಮ್ಮ ಉಪವಾಸ ನೀವ ಮಾಡ್ರಿ. ವ್ರತಾ ಹಿಡದವರು ನೀವು. ಅವು ಹಿಡದಿಲ್ಲಲ್ಲ. ಬಸದಿಗೆ ಬಂದಿಲ್ಲ, ನಿಯಮ ತಗೊಂಡಿಲ್ಲ. ಹೊರಗ ಹೋಗಾಕ ದಾರಿ ಇಲ್ಲ, ಕೇಳಾಕ ಬಾಯಿಲ್ಲ. ಲಕ್ಷ ಕೋಟಿ ಜೀವಾ ಒಳಗ ಹಾಕಿ ಬಾಗಲಾ ಮುಚ್ಚಿ ಕೂಳು ನಿಲ್ಲಿಸಿದೀರಿ. ಅವಾರ ಏನ ಮಾಡಬೇಕು? ಗ್ವಾಡಿ ತಿನ್ನಾಕ ಹತ್ಯಾವ."

ಹೇಳಿ ಮುಗಿಸಿ ತಾನು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತಳು. ಅತ್ತೆಗೆ ಅವಳು ಎಂದೂ ಹಾಗೆ ದನಿ ಎತ್ತಿರಲಿಲ್ಲ. ಶಕೀಲಾ ಹೊಸಿಲ ಬಳಿ ನೆಲ ನೋಡುತ್ತ ನಿಂತಿದ್ದಳು.

ತುಸು ಹೊತ್ತಿನ ಮೇಲೆ ಭರತೇಶ ಬಂದು, "ಅವ್ವ ಲೋಟ ಕೇಳಾಕತ್ಯಾಳ," ಎಂದ.

ಜಿನ್ನವ್ವ ಕೈಮುಗಿದು, ವ್ರತ ಮುರಿಯುತ್ತಿರುವುದಕ್ಕೆ ಕ್ಷಮೆ ಬೇಡಿಕೊಂಡು, ಇದು ಊಟವೇ ಎಂದು ಒಪ್ಪಿಕೊಂಡೇ ಕುಡಿದಳು. ಕುಡಿಯುವಾಗ ಕಣ್ಣೀರು ಲೋಟದೊಳಕ್ಕೆ ಇಳಿಯುತ್ತಿತ್ತು. ಯಾರೂ ಒರೆಸಲು ಹೋಗಲಿಲ್ಲ. ಮರುದಿನದಿಂದ ದಿನಕ್ಕೊಂದು ಹೊತ್ತು, ತೌಡಿನ ಗಂಜಿ. ರಕ್ತ ನಿಂತಿತು. ಪರ್ವ ಮುಗಿಯುವ ಹೊತ್ತಿಗೆ ಅವಳು ಕೋಲು ಹಿಡಿದು ಓಡಾಡುವಷ್ಟಾದಳು.

ಓಡಾಡಲು ಶಕ್ತಿ ಬಂದದ್ದೇ ತಡ, ಅವಳು ಉಪವಾಸ ಹಿಡಿದಿದ್ದ ಹೆಂಗಸರ ಮನೆಮನೆಗೆ ಹೋಗಿ ಹೊರಕಡೆಗೆ ಹೋದಾಗ ರಕ್ತ ಬಂತೇನು ಎಂದು ಕೇಳತೊಡಗಿದಳು. ಸೊಸೆಗೆ ಒಂದು ಮಾತೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಸಂಶೋಧನಾಲಯದ ಕಾವಲುಗಾರ ಬಂದು, ಹೊರಗೆ ಒಂದು ಟೆಂಪೋ ತುಂಬ ಹೆಣ್ಣುಮಕ್ಕಳು ಬಂದಿದ್ದಾರೆ, ನಿಮ್ಮ ಅತ್ತೆಯೂ ಇದ್ದಾರೆ ಎಂದಾಗ ತ್ರಿಶಲಾ ಶಕೀಲಾಳೊಡನೆ ಹೊರಗೆ ಓಡಿದಳು.

"ನಿಮ್ಮ ಸಾಹೇಬರು ತ್ರಾಸ ಆದವರನ್ನ ತೋರಸ್ರಿ ಅಂದಿದ್ರಂತ," ಎಂದಳು ಜಿನ್ನವ್ವ, ಶಕೀಲಾಳ ಕಡೆ ಗಲ್ಲ ಎತ್ತಿ. "ಇಕಿ ಹೇಳಿದ್ಲು. ಅದಕ್ಕ ಬಂದೀವಿ."

"ಹೇಳಿ ಬರಬಾರದೇನ್ರಿ ಅತ್ತಿ?"

"ಹೇಳಿದ್ರ ನೀ ಬ್ಯಾಡಂತಿದ್ದಿ."

ಇನಾಮದಾರರ ಕೋಣೆಯಲ್ಲಿ ಅಷ್ಟು ಕುರ್ಚಿಗಳಿರಲಿಲ್ಲ. ಹೆಂಗಸರು ನೆಲದ ಮೇಲೆಯೇ ಕುಳಿತರು. ಗಂಡಸಿನ ಮುಂದೆ ಹೇಳುವ ವಿಷಯವಲ್ಲ. ಮೊದಲು ಜಿನ್ನವ್ವ ತನ್ನದನ್ನು ತಾನು ಬಿಡಿಸಿ ಹೇಳಿದಳು, ಬಣ್ಣ ಸಮೇತ. ಆಮೇಲೆ ಪಕ್ಕದವಳು, ಅವಳ ಪಕ್ಕದವಳು. ಒಬ್ಬಳು ಹಿಂದಿನ ವರ್ಷವೂ ಬಂದಿತ್ತು, ಮೂಲವ್ಯಾಧಿ ಎಂದು ಸುಮ್ಮನಿದ್ದೆ ಎಂದಳು. ಇನ್ನೊಬ್ಬಳು, ನಮ್ಮ ಅಕ್ಕ ಉಪವಾಸದ ಎಂಟನೆಯ ದಿನ ತೀರಿಕೊಂಡಳು, ಪುಣ್ಯದ ಸಾವು ಎಂದು ಎಲ್ಲರೂ ಕಾಲಿಗೆ ಬಿದ್ದರು, ಅದೂ ಇದೇ ಇರಬಹುದೇ ಎಂದು ತ್ರಿಶಲಾಳನ್ನು ಕೇಳಿದಳು. ಗೊತ್ತಿಲ್ಲ ಎಂದಳು ತ್ರಿಶಲಾ. ನಿಜವಾಗಿಯೂ ಗೊತ್ತಿರಲಿಲ್ಲ, ಇನ್ನು ಗೊತ್ತಾಗುವ ಹಾಗೂ ಇರಲಿಲ್ಲ.

ಇನಾಮದಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಜಾಲರಿ ಇನ್ನೂ ಐತೇನ್ರಿ?" ಎಂದು ತ್ರಿಶಲಾಳನ್ನು ಕೇಳಿದರು.

ಎಚ್ಚರಿಕೆ ಹೊರಬಿತ್ತು. ಮೊದಲು ಅಚ್ಚಾದ ಅಕ್ಷರಗಳು ಎಷ್ಟು ಸಣ್ಣವಿದ್ದವೆಂದರೆ ಶಕೀಲಾ ಭೂತಗನ್ನಡಿ ಹಿಡಿದು ಓದಬೇಕಾಯಿತು. ತ್ರಿಶಲಾ ಜಗಳವಾಡಿ ದೊಡ್ಡದು ಮಾಡಿಸಿದಳು. ಹೆಪ್ಪನ್ನು ವಾಪಸು ಪಡೆಯುವ ದಾರಿಯೇ ಇರಲಿಲ್ಲ. ಒಬ್ಬರಿಂದೊಬ್ಬರಿಗೆ ಹರಡಿ ಅದಾಗಲೇ ಎಲ್ಲರ ಹೊಟ್ಟೆಯೊಳಗಿತ್ತು. ಗುಳಿಗೆ ಕೊಟ್ಟು ಒಬ್ಬರಲ್ಲಿ ಕೊಂದರೂ ಇನ್ನೊಬ್ಬರಿಂದ ಮತ್ತೆ ಅಂಟುತ್ತಿತ್ತು. ಲೋಳೆಯ ಕೊಂಡಿ ಕತ್ತರಿಸುವ ಕಿಣ್ವವನ್ನು ತೆಗೆದುಹಾಕಿದ ಇನ್ನೊಂದು ತಳಿ ಬೇಕಿತ್ತು. ತಿನ್ನಲು ಸಿಗದಾಗ ಅದು ನಿದ್ದೆಹೋದಂತೆ ಸುಮ್ಮನಿರಬೇಕು. ಸಿಕ್ಕಾಗ ಹಳೆಯದಕ್ಕಿಂತ ಬೇಗ ತಿಂದು ಅದರ ಜಾಗ ಹಿಡಿಯಬೇಕು. ತ್ರಿಶಲಾಳೂ ಶಕೀಲಾಳೂ ಮುಂದಿನ ಭಾದ್ರಪದದೊಳಗೆ ಅದನ್ನು ಜಾಡಿಗಳಲ್ಲಿ ಸಾಧಿಸಿದರು.

ಮೊದಲ ಬಾಟಲಿಯ ಸುದ್ದಿ ಹೇಳಲು ತ್ರಿಶಲಾ ಎಂದೂ ಇಲ್ಲದ ಉಲ್ಲಾಸದಲ್ಲಿ ಮನೆಗೆ ಬಂದಳು.

"ಇದು ಬಂದ್ರ ಹಳೇವು ಎಲ್ಲಿ ಹೋಗತಾವು?" ಎಂದಳು ಜಿನ್ನವ್ವ.

"ಅವನ್ನ ಯಾರೂ ಕೊಲ್ಲೂದಿಲ್ಲ ಅತ್ತಿ. ಅವಕ್ಕ ತಿನ್ನಾಕ ಸಿಗೂದಿಲ್ಲ, ಅಷ್ಟ."

"ಅಂದ್ರ ಹಸಿದು ಸಾಯತಾವು."

ತ್ರಿಶಲಾ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ಭರತೇಶ ಬಾಯಿ ತೆರೆದ. "ನೀವು ಸುಮ್ಮನಿರ್ರಿ," ಎಂದಳು ಅವನಿಗೆ.

ಜಿನ್ನವ್ವ ಒಪ್ಪಲಿಲ್ಲ. ತನ್ನೊಳಗಿರುವವಕ್ಕೆ ತನ್ನ ಕಡೆಯವರೆಗೂ ಹೊತ್ತಿಗೆ ಹಾಕುತ್ತೇನೆ, ಉಪವಾಸ ಇನ್ನು ಇಲ್ಲ ಎಂದಳು.

ಹೊಸ ತಳಿಯನ್ನು ಮನುಷ್ಯರ ಮೇಲೆ ಪರೀಕ್ಷಿಸಬೇಕಿತ್ತು. ಎಲ್ಲ ಅಪಾಯ ಗೊತ್ತಿರುವ ಒಬ್ಬರೇ ಮೊದಲು ಎಂದು ಪರೀಕ್ಷೆಗೆ ಒಪ್ಪಿಗೆ ಕೊಡುವ ಸಮಿತಿ ಹೇಳಿತು. ಸಂಶೋಧನಾಲಯದಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರ ಮನೆಯಲ್ಲಿ ಮದುವೆ, ಒಬ್ಬರಿಗೆ ಹಸಿದರೆ ತಲೆಸುತ್ತು, ಶಕೀಲಾ ಬಸುರಿ. ಉಳಿದವಳು ತ್ರಿಶಲಾ. ಬಾಲ್ಯದಲ್ಲಿಯೂ ಒಂದು ಹೊತ್ತಿನ ಊಟ ಬಿಟ್ಟವಳಲ್ಲ. ಎರಡು ವಾರ ಮೊದಲೇ ಹೊಸ ತಳಿಯನ್ನು ಕುಡಿದು, ಪರ್ವದ ಮೊದಲ ದಿನವೇ ನೀರಿನ ಮೇಲೆ ಕುಳಿತಳು. ಇದು ಭಕ್ತಿಯಲ್ಲ, ಪ್ರಯೋಗ ಎಂದು ಮೂರು ಮೂರು ಸಲ ಹೇಳಿದಳು. ಜಿನ್ನವ್ವ ಯಾವುದನ್ನೂ ಕೇಳಿಸಿಕೊಳ್ಳದೆ ನೀರು ಕಾಸಿಟ್ಟಳು.

ಮೂರನೆಯ ದಿನ ತ್ರಿಶಲಾ ನಡುಮನೆಯಲ್ಲಿ ಚಾಪೆಯ ಮೇಲೆ ಬಿದ್ದುಕೊಂಡಿದ್ದಳು. ಪಕ್ಕದ ಮನೆಯ ಒಗ್ಗರಣೆಗೂ ಸಿಟ್ಟು, ಗಡಿಯಾರದ ಸದ್ದಿಗೂ ಸಿಟ್ಟು. ಶಕೀಲಾ ಫೋನು ಮಾಡಿ, ಇಂದಿನ ಪರೀಕ್ಷೆಯಲ್ಲಿ ರಕ್ತದ ಸುಳಿವಿಲ್ಲ, ಲೋಳೆ ಗಟ್ಟಿಯಾಗಿದೆ ಎಂದಳು. ತ್ರಿಶಲಾಳಿಗೆ ಸಂತೋಷಪಡುವ ಶಕ್ತಿಯೂ ಇರಲಿಲ್ಲ.

ಜಿನ್ನವ್ವ ಅಡುಗೆಮನೆಯಲ್ಲಿ ತನ್ನ ಒಂದು ಹೊತ್ತಿನ ಊಟ ಮುಗಿಸಿ ಬಂದು ಸೊಸೆಯ ಬಳಿ ಕುಳಿತಳು. ಅವಳ ಕಣ್ಣುಗಳು ಕೆಂಪಾಗಿದ್ದವು. ಬಸದಿಯಲ್ಲಿ ಅವಳ ಓರಗೆಯವರೆಲ್ಲ ಈ ಹೊಸ ತಳಿ ಬರಲೆಂದು ಕಾಯುತ್ತಿದ್ದರು. ಮುಂದಿನ ವರ್ಷ ಮತ್ತೆ ಉಪವಾಸಕ್ಕೆ ಕೂರುವವರು.

"ಅತ್ತಿ, ಇನ್ನೂ ಹೊತ್ತು ಮೀರಿಲ್ಲ. ಹೊಸಾದು ತಗೊಳ್ರಿ," ಎಂದಳು ತ್ರಿಶಲಾ. "ಯಾಕ ಇಷ್ಟು ಹಟಾ ಮಾಡತೀರಿ? ಉಪವಾಸ ಬಿಟ್ಟು ನಿಮಗ ಸಮಾಧಾನ ಇಲ್ಲ, ನನಗ ಕಾಣತೈತಿ."

"ಇಲ್ಲ. ಸಿಟ್ಟೈತಿ ನನಗ," ಎಂದಳು ಜಿನ್ನವ್ವ. "ನಿನ್ನ ಮ್ಯಾಲ ಐತಿ. ನಿಮ್ಮ ಸಾಹೇಬರ ಮ್ಯಾಲ ಐತಿ, ಸರಕಾರದ ಮ್ಯಾಲ ಐತಿ. ಮೂವತ್ತೊಂದು ವರ್ಷದ ವ್ರತಾ ನಂದು. ಆದ್ರ ಅವುಗಳ ಮ್ಯಾಲ ಸಿಟ್ಟಿಲ್ಲ. ಅವೇನು ಕೇಳಿ ಬಂದಾವೇನು?"

ಅವಳು ಎದ್ದು ಒದ್ದೆ ಬಟ್ಟೆ ಹಿಂಡಿ ತಂದು ಸೊಸೆಯ ಹಣೆಯ ಮೇಲೆ ಹಾಕಿದಳು. ಅಂಗಾಲು ಹಿಡಿದು ತಿಕ್ಕತೊಡಗಿದಳು. ತ್ರಿಶಲಾ ಕಾಲೆಳೆದುಕೊಂಡರೂ ಬಿಡಲಿಲ್ಲ.

"ಮಾತಾಡಬ್ಯಾಡ, ಮಾತಾಡಿದ್ರ ಹಸಿವು ಹೆಚ್ಚಾಗತೈತಿ. ನಾಳಿ ಇನ್ನೂ ತ್ರಾಸ ಆಗತೈತಿ. ನಾಡಿದ್ದಿಂದ ಹಗರ ಆಗತಿ ನೋಡು, ಹಕ್ಕಿ ಆದಂಗ ಆಗತಿ."

ಅದು ಹಗುರವಾಗುವುದಲ್ಲ, ದೇಹ ಕೊಬ್ಬನ್ನು ಸುಡಲು ಶುರುಮಾಡುವುದು ಎಂದು ವಿವರಿಸುವುದಕ್ಕೆ ತ್ರಿಶಲಾ ಬಾಯಿ ತೆರೆದಳು. ಅತ್ತೆಯ ಹೆಬ್ಬೆರಳು ಅಂಗಾಲಿನ ನಡುವಿಗೆ ಬಂದು ಒತ್ತಿತು. ಹೇಳದೆ ಕಣ್ಣು ಮುಚ್ಚಿಕೊಂಡಳು.